ಬಿಚ್ಚಿ ನೋಡುವ ಮನೆ

ಕಿರಿಸೊಸೆಯಾಗಿ ನಮ್ಮ ಮನೆಗೆ ಬಂದವಳು ಮೊದಲ ದಿನ ನಾನು ಕೊಟ್ಟ ಟೀ ಕುಡಿಯಲಿಲ್ಲ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನಾನು ನನ್ನ ಲೋಟದಿಂದ ಒಂದು ಗುಟುಕು ಕುಡಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕ, ನಿಮ್ ಲೋಟ ಸ್ವಲ್ಪ ದೊಡ್ಡದಿದೆ. ನಂಗೆ ಅದು ಕೊಡ್ತೀರಾ?"

ಕೊಟ್ಟೆ. ಎರಡೂ ಒಂದೇ ಅಂಗಡಿಯಲ್ಲಿ ತಂದ, ಒಂದೇ ಅಳತೆಯ ಲೋಟಗಳು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಕುಡಿದ ಟೀಯನ್ನೇ ಅವಳು ಕುಡಿದಳು.

ಊಟಕ್ಕೆ ಕೂತಾಗಲೂ ಹಾಗೆಯೇ. ಎರಡನೇ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಏನ್ ಕೆಲ್ಸ ಇದೆ ಹೇಳಿ ಅಕ್ಕ, ಮಾಡ್ತೀನಿ" ಎನ್ನುವಳು.

"ಕೆಲ್ಸ ಏನೂ ಇಲ್ಲ, ಉಣ್ಣು."

"ಮತ್ಯಾಕೆ ಬಡಿಸ್ತಿದೀರಿ?"

ಹಸಿವಾಗಿರಬಹುದು ಎಂದು ಬಡಿಸಿದೆ ಎಂದರೆ ಅವಳು ನಂಬುವ ಹಾಗಿರಲಿಲ್ಲ. ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಈ ಹುಡುಗಿ ನೀರನ್ನೂ ಊದಿ ಕುಡಿಯುತ್ತಿದ್ದಳು.

ನಮ್ಮದು ಕುರ್ಚಿಗಳಿಗೆ ಮೆತ್ತೆ ಕಟ್ಟುವ ಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಯ ಮೇಲೆ ಚರ್ಮ ಸುಲಿದ ಕುರ್ಚಿಗಳ ಚೌಕಟ್ಟುಗಳು ನೇತಾಡುತ್ತವೆ. ಮೂಲೆಯಲ್ಲಿ ಮೆತ್ತೆಗೆ ತುಂಬುವ ನಾರಿನ ರಾಶಿ, ಕಿಟಕಿಯ ಕೆಳಗೆ ಸ್ಪ್ರಿಂಗಿನ ಡಬ್ಬ, ಎಲ್ಲದರ ಮೇಲೆ ಅಂಟಿನ ವಾಸನೆ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಸೀಟು ಹೊಲಿಯಲು ಬೆಳಗಾಗುವ ಮೊದಲೇ ಹೋಗಿಬಿಡುತ್ತಿದ್ದರು. ಮನೆಯ ಕೆಲಸಕ್ಕೆ ಮಾವ, ಮೈದುನ, ನಾನು.

ಮಾವನನ್ನು ಬೀದಿಯವರೆಲ್ಲ ಮೊಳೆಬಾಯಿ ಎಂದು ಕರೆಯುತ್ತಿದ್ದರು. ಚಿಕ್ಕ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದಲೇ ಒಂದೊಂದನ್ನು ತುಟಿಗೆ ತಂದು, ಸುತ್ತಿಗೆಯ ಮೂತಿಗೆ ಅಂಟಿಸಿ ಹೊಡೆಯುವುದು ನಮ್ಮ ಕಸುಬಿನ ರೀತಿ. ಒಂದು ಕೈ ಬಟ್ಟೆ ಎಳೆದು ಹಿಡಿದಿರಬೇಕು, ಒಂದು ಕೈ ಸುತ್ತಿಗೆ. ಮೂರನೇ ಕೈ ಬಾಯಿಯೇ. ಹೀಗಾಗಿ ಕೆಲಸದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮಾತಿಲ್ಲ. ಗಿರಾಕಿ ಬಂದು ಕ್ಷೇಮ ಕೇಳಿದರೆ ಮಾವ ಸುತ್ತಿಗೆಯಿಂದ ಮರಕ್ಕೆ ಒಂದು ಕುಟ್ಟು ಕುಟ್ಟುತ್ತಿದ್ದರು. ಚೆನ್ನಾಗಿದ್ದೇನೆ ಎಂದು ಅರ್ಥ. ಇನ್ನೊಬ್ಬರ ಕೆಲಸವನ್ನು ಚೆನ್ನಾಗಿದೆ ಎನ್ನಲು ಬಾಯಿ ಖಾಲಿ ಇರಬೇಕಲ್ಲ.

ಹೊಸಬಳಿಗೆ ಈ ಮೌನ ಇನ್ನಷ್ಟು ಅನುಮಾನ ತಂದಿತು. ಬಾಯ್ತುಂಬ ಮೊಳೆ ಇಟ್ಟುಕೊಂಡ ಮುದುಕ ಕಣ್ಣಲ್ಲಿ ತನ್ನನ್ನೇ ಅಳೆಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತಂತೆ. ನಾರು ಬಿಡಿಸಲು ನನ್ನ ಪಕ್ಕ ಕೂತಾಗ ತನ್ನ ಕತೆಯನ್ನು ಸ್ವಲ್ಪ ಸ್ವಲ್ಪವೇ ಹೇಳಿದಳು. ತಂದೆ ತಾಯಿ ಇಲ್ಲ. ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ.

"ಹೊಡೀತಿರ್ಲಿಲ್ಲ ಅಕ್ಕ, ಸುಳ್ಳು ಯಾಕೆ ಹೇಳ್ಲಿ. ಚಿಕ್ಕಮ್ಮ ಒಂದಿನ ಹೊಸ ಚಪ್ಪಲಿ ತಂದ್ಕೊಟ್ರು. ಮುತ್ತು ಕೊಟ್ರು. ಅವತ್ತೇ ಸ್ಕೂಲು ಬಿಡಿಸಿದ್ರು."

"ಚಪ್ಪಲಿ ಯಾಕೆ ಮತ್ತೆ?"

"ಮಾರ್ಕೆಟ್ಟಿಗೆ ಓಡಾಡೋಕೆ. ಬಂಗಾರದಂಥ ಹುಡುಗಿ ಅಂದ್ರೆ ಅವತ್ತು ಮನೆಗೆ ನೆಂಟರು ಅಂತ. ಇಲಿಬೋನಿನಲ್ಲಿ ಬೇವಿನಕಾಯಿ ಇಡ್ತಾರಾ ಯಾರಾದ್ರೂ? ರುಚಿಯಾದದ್ದನ್ನೇ ಇಡ್ತಾರೆ."

ಅವಳನ್ನು ಕೆಲಸಕ್ಕೆ ಕೂರಿಸಿದ್ದು ನನ್ನ ಮೈದುನ, ಅವಳ ಗಂಡ. ನಾರು ಬಿಡಿಸುವ ಬೆರಳುಗಳನ್ನು ನೋಡಿ, "ನಿನ್ ಕೈ ನನ್ ಕೈಗಿಂತ ಮೇಲು ಕಣೇ, ಒಂದು ಸ್ಟೂಲು ಮಾಡಿ ನೋಡು" ಎಂದು ಬೆನ್ನು ಬಿದ್ದ. ತನ್ನ ಸುತ್ತಿಗೆಯನ್ನೇ ಅವಳ ಮುಂದೆ ಇಟ್ಟ. ಅವಳು ಅವನು ಹೋಗುವವರೆಗೂ ಕಾದು ನನ್ನನ್ನು ಕೇಳಿದಳು.

"ಇವ್ರು ಕೆಲ್ಸದಲ್ಲಿ ಸೋಮಾರೀನಾ ಅಕ್ಕ?"

"ಯಾಕೆ?"

"ತಮ್ಮದನ್ನ ನನ್ನ ತಲೆಗೆ ಕಟ್ತಿದಾರೇನೋ ಅಂತ."

ಆದರೂ ಕೂತಳು. ಕಣ್ಣಿನ ಡಾಕ್ಟರ ದುಂಡು ಸ್ಟೂಲು ಅದು. ಕೂತ ಮೇಲೆ ಅವಳ ಗುಣ ಗೊತ್ತಾಯಿತು. ಮನುಷ್ಯರನ್ನು ನಂಬದ ಹುಡುಗಿ ಕುರ್ಚಿಯನ್ನು ನಂಬುತ್ತಾಳೆಯೇ? ಪಟ್ಟಿ ಬಿಗಿದ ಮೇಲೆ ಮೊಣಕೈಯಿಂದ ಒತ್ತಿದಳು, ಅಂಗೈಯಿಂದ ಒತ್ತಿದಳು, ಹತ್ತಿ ಕೂತಳು, ಎದ್ದಳು, ತಿರುಗಿ ಕೂತಳು. ಪೊಲೀಸರು ಕಳ್ಳನನ್ನು ವಿಚಾರಿಸುವ ಹಾಗೆ ಸ್ಟೂಲನ್ನು ವಿಚಾರಿಸಿದಳು. ಎಲ್ಲಿ ಸ್ವಲ್ಪ ಸಂಶಯ ಬಂದರೂ ಅಲ್ಲಿ ಮತ್ತೆ ನಾರು ತುಂಬಿದಳು. ಸಂಜೆ ಹೊತ್ತಿಗೆ ಮುಗಿಯಿತು. ಮಾವ ಒಂದು ಸಲ ನೋಡಿದರು, ಸುಮ್ಮನೆ ಒಳಗೆ ಹೋದರು.

ಬೆಳಿಗ್ಗೆ ಆ ಸ್ಟೂಲನ್ನು ಮಾವ ಬಿಚ್ಚಿದರು.

ನಮ್ಮ ಕಸುಬಿನ ಮನೆಗಳಲ್ಲಿ ಇದೊಂದು ರೂಢಿ. ಸಾಧಾರಣ ಕೆಲಸವನ್ನು ಯಾರೂ ಬಿಚ್ಚುವುದಿಲ್ಲ. ಅದರ ಒಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಕಣ್ಣಿಗೆ ಹೊಸದಾಗಿ ಕಂಡ ಕೆಲಸವನ್ನು ಮಾತ್ರ ಮನೆಯ ಹಿರಿಯರು ಕೆಳಗಿನಿಂದ ಬಿಚ್ಚಿ, ಹೇಗೆ ಕಟ್ಟಿದ್ದಾರೆ ಎಂದು ನೋಡಿ, ಮತ್ತೆ ಮುಚ್ಚಿಡುತ್ತಾರೆ. ನಾನು ಹುಟ್ಟಿದ್ದೂ ಇದೇ ಕಸುಬಿನ ಮನೆಯಲ್ಲಿ. ನಮ್ಮಪ್ಪ ಒಂದು ಸಲ ನನ್ನ ದಿಂಬು ಬಿಚ್ಚಿದಾಗ ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಈ ರೂಢಿಯನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನೀರು ಕೆಳಕ್ಕೆ ಹರಿಯುತ್ತದೆ ಎಂದು ಯಾರಾದರೂ ಸೊಸೆಗೆ ಹೇಳಿಕೊಡುತ್ತಾರೆಯೇ?

ಅಂದು ಮಾವ ನನ್ನನ್ನು ಕರೆದು ಒಳಗಿನ ಗಂಟು ತೋರಿಸಿದರು. ಇಬ್ಬರೂ ನೋಡಿದೆವು. ಅವರು ತಲೆ ಆಡಿಸಿದರು. ನಾನು ಸ್ಟೂಲಿನ ಅಡಿಯ ಕೆಳಬಟ್ಟೆ ಎಳೆದು ಮುಚ್ಚಿದೆ.

ಕಿರಿಯವಳು ಎದ್ದು ಬಂದವಳೇ ಸ್ಟೂಲನ್ನು ತಲೆಕೆಳಗು ಮಾಡಿದಳು. ತಾನು ಮೊಳೆ ಹೊಡೆದ ಜಾಗ ಬೇರೆ, ಈಗ ಇರುವ ಜಾಗ ಬೇರೆ. ತನ್ನ ಕೆಲಸವನ್ನು ಯಾರೋ ಕೆಡಿಸಿದ್ದಾರೆ ಎಂದು ಅವಳಿಗೆ ಆಗಲೇ ತೀರ್ಮಾನವಾಯಿತು. ಡಾಕ್ಟರು ನಾಳೆ ಬಂದು ಬೈದರೆ ತನ್ನ ಮೇಲೆ ಹಾಕಲು ಮಾಡಿದ ಹುನ್ನಾರ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅವಳು ಸ್ಟೂಲನ್ನು ನೆಟ್ಟಗೆ ಮಾಡಿಟ್ಟು ನಾರು ಬಿಡಿಸಲು ಕೂತಳು.

ಮಾರನೆಯ ದಿನ ಮೊಳೆ ಕೀಳುವ ಉಳಿ ಕಾಣೆಯಾಯಿತು.

ಮಾವನ ಅಪ್ಪನ ಕಾಲದ ಉಳಿ ಅದು. ಹಿಡಿಯ ಮರ ಸವೆದು ಅವರ ಅಂಗೈಗೆ ಅಚ್ಚಾಗಿ ಹೋಗಿತ್ತು. ನಾರಿನ ರಾಶಿ ಕೊಡವಿದೆವು, ಡಬ್ಬ ಮಗುಚಿದೆವು. ಕಿರಿಯವಳು ಮಾತ್ರ ಹುಡುಕಲಿಲ್ಲ. ನಾವು ಹುಡುಕುವುದನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಆಗ ನನ್ನ ಮನಸ್ಸಿಗೂ ಹುಳ ಬಿತ್ತು. ಅವಳ ಟ್ರಂಕಿಗೆ ಯಾವಾಗಲೂ ಬೀಗ. ನಾನು ಕೋಣೆಗೆ ಹೋದರೆ ಟ್ರಂಕಿನ ಮೇಲೆ ಕೂರುತ್ತಾಳೆ. ಹಳೇ ಉಳಿ ಕದ್ದು ಏನು ಮಾಡುತ್ತಾಳೆ ಎಂದು ಬುದ್ಧಿ ಹೇಳುತ್ತಿತ್ತು. ಮತ್ತೆ ಯಾಕೆ ಹುಡುಕಲಿಲ್ಲ ಎಂದು ಮನಸ್ಸು ಕೇಳುತ್ತಿತ್ತು. ಅನುಮಾನವೂ ಕಜ್ಜಿಯ ಹಾಗೆ, ಪಕ್ಕದಲ್ಲಿ ಕೂತವರಿಗೆ ಹತ್ತುತ್ತದೆ. ನಾನು ಅಡುಗೆಮನೆಯ ಚಾಕುಗಳನ್ನು ಎಣಿಸಿಟ್ಟೆ.

ಅದೇ ವಾರ ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸು ತನ್ನ ಕುರ್ಚಿ ತಂದಳು. ಬೆನ್ನುನೋವು ತಡೆಯಲಾಗದೆ ಕೆಲಸ ಬಿಡುವ ಮಾತಾಡುತ್ತಿದ್ದಳು. ಮಾವ ಕುರ್ಚಿಯನ್ನು ಮೈದುನನಿಗೆ ಕೊಟ್ಟರು. ಮೈದುನ ಅದನ್ನು ಹೆಂಡತಿಯ ಮುಂದೆ ಇಟ್ಟ.

"ಇದು ನಿನ್ನಿಂದಾನೇ ಆಗೋದು."

ಅವಳು ಅವನನ್ನು ಓರೆಗಣ್ಣಿನಲ್ಲಿ ನೋಡಿ, ಆಮೇಲೆ ಕುರ್ಚಿಯನ್ನೂ ಹಾಗೆಯೇ ನೋಡಿದಳು. ಮೇಲ್ಬಟ್ಟೆ ಎಡಗಡೆ ಮಾತ್ರ ನುಣ್ಣಗೆ ಸವೆದಿತ್ತು.

"ನೀವು ಯಾವ್ ಕಡೆಯಿಂದ ಟಿಕೆಟ್ ಕೊಡ್ತೀರಿ?"

"ಎಡಗಡೆ ಕಿಂಡಿಯಿಂದ. ಯಾಕಮ್ಮ?"

"ಕೂತು ತೋರಿಸಿ. ಹಾಗಲ್ಲ, ನಿಜವಾಗಿ ಕೂರೋ ಥರ ಕೂತ್ಕೊಳಿ. ಈಗ ಚೆಂದ ಕಾಣ್ಲಿ ಅಂತ ಕೂತಿದೀರಿ."

ಹೆಂಗಸು ನಕ್ಕು, ನಿಜವಾಗಿ ಕೂತಳು. ಇಡೀ ಮೈ ಎಡಕ್ಕೆ ವಾಲಿತು. ಕಿರಿಯವಳು ಎಡಗಡೆಯ ಸ್ಪ್ರಿಂಗುಗಳನ್ನು ಬೇರೆಯೇ ರೀತಿ ಕಟ್ಟಲು ಶುರು ಮಾಡಿದಳು. ನನಗೆ ಅದು ಅರ್ಥವಾಗಲಿಲ್ಲ. ಮಾವ ಬಾಯಲ್ಲಿ ಮೊಳೆ ಇಟ್ಟುಕೊಂಡು ತಮ್ಮ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳು ಬೆನ್ನು ತಿರುಗಿಸಿ, ಅವರಿಗೆ ಕಾಣದ ಹಾಗೆ ಕೂತಳು.

ಆ ಸಂಜೆ ಅವಳ ಚಿಕ್ಕಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಬೆಣ್ಣೆ.

"ಮಗಳೇ, ಹೇಗೆ ಸೊರಗಿದೀಯ. ನಿನ್ ಚಿಕ್ಕಮ್ಮ ದಿನಾ ನಿನ್ ಹೆಸ್ರು ಹೇಳ್ಕೊಂಡು ಕಣ್ಣೀರು ಹಾಕ್ತಾಳೆ. ಸ್ವಲ್ಪ ದಿನ ಬಂದಿರು."

"ಚಿಕ್ಕಮ್ಮನಿಗೆ ಏನಾಗಿದೆ?" ಅವಳು ನೇರವಾಗಿ ಕೇಳಿದಳು.

"ಏನಿಲ್ಲ, ಮಂಡಿ ಸ್ವಲ್ಪ. ಕೆಲಸದವಳೂ ಬಿಟ್ಟೋದ್ಲು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡು."

ಅವಳು ನಗಲಿಲ್ಲ. "ನಾಳೆ ಬೆಳಿಗ್ಗೆ ಬನ್ನಿ, ಹೇಳ್ತೀನಿ" ಎಂದಳು. ಮೈದುನನ ಮುಖ ಬಿಳಿಚಿಕೊಂಡಿತು. ಹೋಗಬೇಡ ಎನ್ನಲು ಬಾಯಿ ತೆರೆದ. ಅದಕ್ಕೂ ಏನಾದರೂ ಅರ್ಥ ಕಟ್ಟುತ್ತಾಳೆ ಎಂದು ಮುಚ್ಚಿದ. ಸ್ವಲ್ಪ ದಿನ ಎಂದು ಹೋದವಳು ತಿರುಗಿ ಬರುವವಳಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅಡುಗೆಮನೆಯಲ್ಲಿ ನಾನು ಕೇಳಿದೆ. "ಅಲ್ಲ ಕಣೇ, ಯಾಕೆ ಕರೀತಿದಾರೆ ಅಂತ ಗೊತ್ತಿದ್ದೂ ಹೋಗ್ತೀಯಾ?"

"ಗೊತ್ತಿರೋದಕ್ಕೇ ಹೋಗ್ಬಹುದು ಅಕ್ಕ. ಅಲ್ಲಿ ಯಾವ ಮೋಸ ಎಲ್ಲಿದೆ ಅಂತ ನಂಗೆ ಬಾಯಿಪಾಠ. ಇಲ್ಲಿ ಹುಡುಕ್ತಾ ಹುಡುಕ್ತಾ ಸುಸ್ತಾಗಿದೆ."

ಟಿಕೆಟ್ ಹೆಂಗಸಿನ ಕುರ್ಚಿ ಮುಗಿಸಿ ಮಲಗುವ ಮೊದಲು ಅವಳು ನಮಗೆ ತಿಳಿಯದ ಹಾಗೆ ಒಂದು ಕೆಲಸ ಮಾಡಿದ್ದಳು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಪುಡಿ ಮಾಡಿ, ಕೆಳಬಟ್ಟೆಯ ಒಳಗೂ ಮೊಳೆಗಳ ಸುತ್ತಲೂ ಸವರಿದ್ದಳು. ಬೆಳಿಗ್ಗೆ ಯಾರ ಕೈಯೂ ನೀಲಿ ಆಗಿರದಿದ್ದರೆ ಇಲ್ಲೇ ಇರುವುದು, ಆಗಿದ್ದರೆ ಚಿಕ್ಕಪ್ಪನ ಜೊತೆ ಹೊರಡುವುದು. ಮನಸ್ಸಿನಲ್ಲೇ ಹಾಗೆ ಗೆರೆ ಎಳೆದುಕೊಂಡಿದ್ದಳಂತೆ.

ಬೆಳಕು ಹರಿದದ್ದೇ ಮಾವ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದರು. ಉಳಿ ಇಲ್ಲದೆ ಸ್ಕ್ರೂಡ್ರೈವರಿನಿಂದಲೇ ಮೊಳೆ ಎಬ್ಬಿಸಿದರು. ಕಿತ್ತ ಮೊಳೆಯನ್ನು ನೆಲಕ್ಕೆ ಹಾಕುವ ಅಭ್ಯಾಸ ಅವರಿಗಿಲ್ಲ. ಬಾಯಿಗೇ ಹಾಕಿಕೊಂಡರು. ನನ್ನನ್ನೂ ಕರೆದರು. ಎಡಗಡೆಯ ಕಟ್ಟನ್ನು ಎಷ್ಟು ಹೊತ್ತು ನೋಡಿದರೂ ಅವರಿಗೆ ಬಗೆಹರಿಯಲಿಲ್ಲ. ನನ್ನ ಬೆರಳಿಗೆ ನೀಲಿ ಹತ್ತಿದ್ದು ಕಂಡಿತು. ಬಟ್ಟೆ ಬಣ್ಣ ಬಿಟ್ಟಿದೆ ಎಂದುಕೊಂಡು ಸೀರೆಗೆ ಒರೆಸಿಕೊಂಡೆ. ಡಬ್ಬದ ಹೊಸ ಮೊಳೆ ಹೊಡೆದು ಮುಚ್ಚಿಟ್ಟು ಟೀ ಕಾಯಿಸಲು ಹೋದೆ.

ಟೀ ಹಿಡಿದು ಬಂದಾಗ ಮೈದುನ ಅಪ್ಪನ ಮುಖ ನೋಡಿ ಗಾಬರಿಯಾಗಿದ್ದ.

"ಅಪ್ಪ, ತುಟಿ ಯಾಕೆ ನೀಲಿ ಆಗಿದೆ? ಎದೆ ಹಿಡಿದ ಹಾಗಾಗ್ತಿದ್ಯಾ?"

ಮಾವ ತಲೆ ಅಲ್ಲಾಡಿಸಿದರು. ಬಾಯಿ ತುಂಬ ಮೊಳೆ.

"ಮಾತೂ ಬರ್ತಿಲ್ಲ ಅತ್ತಿಗೆ. ಮಲಗಿಸಿ, ಮಲಗಿಸಿ."

ಅವರು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರೂ ಮೈದುನ ಅವರನ್ನು ನಾರಿನ ರಾಶಿಯ ಮೇಲೆ ಒರಗಿಸಿ, ರಟ್ಟಿನಿಂದ ಗಾಳಿ ಬೀಸತೊಡಗಿದ. ನಾನು ಹಣೆ ಮುಟ್ಟಲು ಕೈ ಚಾಚಿದೆ. ಆ ಕೈಯನ್ನು ಕಿರಿಯವಳು ನಡುವೆಯೇ ಹಿಡಿದಳು.

"ಎದೆನೋವೂ ಇಲ್ಲ, ಏನೂ ಇಲ್ಲ. ಅದು ಸೀಮೆಸುಣ್ಣ. ನಿಮ್ ಬೆರಳು ನೋಡ್ಕೊಳಿ ಅಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆರಳು ನೋಡಿಕೊಂಡೆ. ಉಗುರಿನ ಸಂದಿಯಲ್ಲೆಲ್ಲ ನೀಲಿ.

"ಒಬ್ರು ಇರ್ಬಹುದು ಅಂದ್ಕೊಂಡಿದ್ದೆ. ಇಬ್ರೂ ಸೇರ್ಕೊಂಡಿದೀರಿ." ಅವಳು ಒಳಗೆ ಹೋಗಿ ಟ್ರಂಕು ತಂದಳು. ಅದರಿಂದ ಉಳಿ ತೆಗೆದು ಮಾವನ ಕಾಲ ಬಳಿ ಇಟ್ಟಳು. "ಇದನ್ನ ಬಚ್ಚಿಟ್ರೂ ಬಿಡ್ಲಿಲ್ಲ. ನನ್ ಕೆಲ್ಸ ಸರಿ ಇಲ್ದಿದ್ರೆ ಮುಖಕ್ಕೆ ಹೇಳ್ಬಹುದಿತ್ತು. ಹಗಲೆಲ್ಲ ಉಣ್ಣು ಉಣ್ಣು ಅಂತೀರಿ, ಬೆಳಗಾದ್ರೆ ಬಿಚ್ತೀರಿ."

ಮಾವ ಎದ್ದು ಕೂತರು. ಒಂದೊಂದೇ ಮೊಳೆಯನ್ನು ಅಂಗೈಗೆ ಉಗುಳಿದರು. ಎಲ್ಲರೂ ಕಾಯಬೇಕಾಯಿತು. ಕೊನೆಯ ಮೊಳೆ ಬಿದ್ದ ಮೇಲೆ ನೀಲಿ ತುಟಿ ಒರೆಸಿಕೊಂಡು ಅವರು ಕೇಳಿದ್ದು ಇಷ್ಟೇ.

"ಎಡಗಡೆ ಸ್ಪ್ರಿಂಗಿಗೆ ದಾರ ಎಲ್ಲಿಂದ ತಿರುಗಿಸಿದೆ ತಾಯಿ?"

"ಅದನ್ನ ಕೇಳೋಕೆ ಕದ್ದು ಬಿಚ್ಚಬೇಕಿತ್ತಾ?"

"ಕದ್ದೇನಲ್ಲ. ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತೆ."

ಆಗ ನನಗೆ ಹೊಳೆಯಿತು, ಈ ಹುಡುಗಿಗೆ ಯಾರೂ ಹೇಳಿಯೇ ಇಲ್ಲ ಎಂದು. ನಮ್ಮ ಮನೆಯ ರೂಢಿಯನ್ನು ಮೊದಲಿನಿಂದ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೇಳಿ ಟ್ರಂಕಿನ ಹಿಡಿ ಹಿಡಿದಳು.

"ಹೊರಡೋ ಹೊತ್ತಿಗೆ ಹೊಗಳಿಕೆ. ಇದೂ ನಂಗೆ ಗೊತ್ತು ಅಕ್ಕ."

ಅಷ್ಟರಲ್ಲಿ ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿರಬೇಕು. "ನೋಡಿದ್ಯಾ ಮಗಳೇ, ನಿನ್ ಬೆಲೆ ಗೊತ್ತಿಲ್ಲದ ಜಾಗ. ನಡಿ, ಬಸ್ಸಿದೆ" ಎಂದರು.

ಮಾವ ಅಂಗೈಯ ಮೊಳೆಗಳನ್ನು ಎಣಿಸತೊಡಗಿದರು. ಆಗ ರಟ್ಟು ಹಿಡಿದು ನಿಂತಿದ್ದ ಮೈದುನ ಬಾಯಿ ಬಿಟ್ಟ.

"ನನ್ನದು ಒಂದನ್ನೂ ಬಿಚ್ಚಿಲ್ಲ."

ಎಲ್ಲರೂ ಅವನ ಕಡೆ ತಿರುಗಿದೆವು.

"ಮೀಸೆ ಮೂಡೋ ಮೊದ್ಲಿಂದ ಕೂತಿದೀನಿ ಇಲ್ಲಿ. ಕಟಿಂಗ್ ಶಾಪಿನ ಕುರ್ಚಿ ಮಾಡ್ದೆ, ವಕೀಲರ ಸೋಫಾ ಮಾಡ್ದೆ. ಬೆಳಿಗ್ಗೆ ಬೆಳಿಗ್ಗೆ ಎದ್ದು ಮಗುಚಿ ನೋಡ್ತಿದ್ದೆ, ಅಪ್ಪ ಬಿಚ್ಚಿದಾರಾ ಅಂತ. ಮೊಳೆ ನಾನು ಹೊಡೆದ ಹಾಗೇ ಇರೋದು. ನೀನು ಬಂದು ಮಾಡಿದ ಮೊದಲ್ನೇ ಸ್ಟೂಲು ಬಿಚ್ಚಿದ್ರು. ನಿಂಗೆ ಹೇಳೋಣ ಅಂತ ಬಂದೆ, ನಾಲಿಗೆ ಹೊರಳ್ಲಿಲ್ಲ. ಹೊಟ್ಟೆ ಉರೀತು ಕಣೇ. ಅತ್ತಿಗೆ ಹತ್ರ ಕೇಳಿದ್ಯಂತೆ, ಸೋಮಾರಿ ಅಂತ ಬೇಕಾದ್ರೆ ಅಂದ್ಕೋ. ನಿನ್ ಕೈ ಮೇಲು ಅಂದಿದ್ದು ಮಾತ್ರ ಸುಳ್ಳಲ್ಲ."

ಅವನ ಕಿವಿಗಳು ಕೆಂಪಗೆ ಉರಿಯುತ್ತಿದ್ದವು. ರಟ್ಟಿನ ಅಂಚನ್ನು ಚೂರು ಚೂರಾಗಿ ಹರಿಯುತ್ತಿದ್ದ. ಮಾವ ನೆಲ ನೋಡುತ್ತಿದ್ದರು. ಮಗನ ಮಾತಿನಲ್ಲಿ ಒಂದೂ ಸುಳ್ಳಿಲ್ಲ ಎಂಬುದು ಆ ಬಗ್ಗಿದ ತಲೆಯಲ್ಲೇ ಕಾಣುತ್ತಿತ್ತು.

ಕಿರಿಯವಳು ಗಂಡನನ್ನು ಬಹಳ ಹೊತ್ತು ನೋಡಿದಳು. ಸ್ಟೂಲನ್ನು ನೋಡುವ ಹಾಗೆ, ಎಲ್ಲಿ ಒತ್ತಿದರೆ ಕುಸಿಯುತ್ತದೆ ಎಂದು. ಪ್ರೀತಿಯ ಮಾತನ್ನು ಯಾರು ಬೇಕಾದರೂ ಆಡಬಹುದು, ಅವಳು ಅದನ್ನು ಕಂಡೇ ಬೆಳೆದವಳು. ಹೊಟ್ಟೆಕಿಚ್ಚನ್ನು ಹಾಗೆ ಕಿವಿಗೆ ತಂದುಕೊಳ್ಳಲು ಯಾವ ನಾಟಕದವನಿಗೂ ಬರುವುದಿಲ್ಲ. ಎಲ್ಲಿ ಒತ್ತಿದರೂ ಅವನು ಅಲ್ಲೇ ಇದ್ದ.

"ಮೊದ್ಲೇ ಬೈದಿದ್ರೆ ನಂಬ್ತಿದ್ದೆ" ಎಂದಳು ಮೆಲ್ಲಗೆ.

ಟ್ರಂಕಿನ ಹಿಡಿ ಬಿಟ್ಟಳು ಎಂದಲ್ಲ. ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕುರ್ಚಿಯನ್ನು ಮಗುಚಿದಳು. ಕೆಳಬಟ್ಟೆಯ ಮೇಲೆ ಬೆರಳಾಡಿಸಿದಳು. ಮುಖ ಸೊಟ್ಟಗಾಯಿತು.

"ಇದನ್ನ ಮುಚ್ಚಿದ್ದು ಯಾರು?"

"ನಾನು" ಎಂದೆ.

"ಒಳಗಿನ ದಾರ ಎಳೆದುಬಿಟ್ಟಿದೀರಿ. ಆ ಹೆಂಗಸು ಇದರ ಮೇಲೆ ಒಂದು ಆಟ ಕೂತ್ರೆ ಎಡಗಡೆ ಕುಸಿಯುತ್ತೆ. ಮತ್ತೆ ಅದೇ ಬೆನ್ನುನೋವು."

"ಅದಕ್ಕೇ ಕೇಳಿದ್ದು, ದಾರ ಎಲ್ಲಿಂದ ತಿರುಗಿಸಿದೆ ಅಂತ" ಎಂದರು ಮಾವ.

"ಹೇಳಿದ್ರೆ ನಿಮಗೆ ಆಗಲ್ಲ. ಕೂತ್ಕೊಳಿ."

ಅವಳು ನೆಲದ ಮೇಲೆ ಕೂತಳು. ಮಾವ ಎದುರಿಗೆ ಕೂತರು. ಕೆಳಬಟ್ಟೆ ಬಿಚ್ಚಿಕೊಂಡಿತು. ಅವಳ ಕೈ ಮುಂದೆ ಹೋಗುತ್ತಿತ್ತು, ಮಾವನ ಕಣ್ಣು ಹಿಂದೆ. ನಡುವೆ ಅವರು ಒಂದು ದಾರ ಮುಟ್ಟಲು ಹೋದಾಗ ಅವಳು ಅವರ ಕೈಯನ್ನು ತಳ್ಳಿದಳು. ನಮ್ಮ ಮನೆಯಲ್ಲಿ ಮಾವನ ಕೈ ತಳ್ಳಿದವರು ಅದುವರೆಗೆ ಯಾರೂ ಇರಲಿಲ್ಲ.

ಚಿಕ್ಕಪ್ಪ ಬಾಗಿಲಲ್ಲಿ ಕಾಲು ಬದಲಿಸಿದರು. "ಮಗಳೇ, ಬಸ್ಸು ಹೋಗುತ್ತೆ."

"ನೀವು ಹೊರಡಿ ಚಿಕ್ಕಪ್ಪ."

"ಮತ್ತೆ ನೀನು?"

"ಇವರನ್ನ ಬಿಟ್ಟು ಹೇಗೆ ಬರ್ಲಿ? ಬಿಚ್ಚೋದೇನೋ ಬಿಚ್ತಾರೆ. ಮುಚ್ಚೋಕೆ ಬರಲ್ಲ. ನಾನು ಆಚೆ ಕಾಲಿಟ್ರೆ ಏನು ಮಾಡಿಡ್ತಾರೋ."

"ನಾಳೆ ಬರ್ಲಾ ಹಾಗಾದ್ರೆ? ಚಿಕ್ಕಮ್ಮ ಕಾಯ್ತಿರ್ತಾಳೆ."

"ಚಿಕ್ಕಮ್ಮನಿಗೆ ಬಿಸಿನೀರಲ್ಲಿ ಮಂಡಿ ಇಡೋಕೆ ಹೇಳಿ. ಕೆಲಸದವಳಿಗೆ ಸಂಬಳ ಸರಿಯಾಗಿ ಕೊಟ್ರೆ ತಿರುಗಿ ಬರ್ತಾಳೆ."

ಚಿಕ್ಕಪ್ಪನ ಬಾಯಲ್ಲಿ ಇನ್ನೂ ಒಂದೆರಡು ಸಿಹಿ ಮಾತು ಉಳಿದಿದ್ದವು. ಕೇಳುವವರು ಇರಲಿಲ್ಲ. ಮೆಟ್ಟಿಲು ಇಳಿದು ಹೋದರು. ಅವಳು ತಲೆ ಎತ್ತಲಿಲ್ಲ.

ಮೈದುನ ಇನ್ನೂ ಗೋಡೆಗೆ ಒರಗಿಕೊಂಡು ನಿಂತಿದ್ದ. ಅವಳು ಸ್ವಲ್ಪ ಸರಿದು, ತನ್ನ ಪಕ್ಕದ ನಾರನ್ನು ಕೈಯಿಂದ ಗುಡಿಸಿ ಜಾಗ ಮಾಡಿದಳು.

"ಅಲ್ಲಿಂದ ನಿಮಗೆ ಏನು ಕಾಣ್ಸುತ್ತೆ? ಇಲ್ಲಿ ಬನ್ನಿ. ಈ ದಾರದ ತುದಿ ಹಿಡ್ಕೊಳಿ. ಬಿಗಿಯಾಗಿ. ನಾನು ಬಿಡಿ ಅನ್ನೋವರೆಗೂ ಬಿಡ್ಬಾರ್ದು."

ಅವನು ಬಂದು ಕೂತು, ಹಿಡಿದುಕೊಂಡ.